ನನ್ನ ಗಂಟಲೂ ಕಾಲೇಜಿನ ಮೈಕೂ

ಒಳ್ಳೆಯ ದನಿ ಇದ್ದವರ ಕೈಗೆ ಮೈಕು ಸಿಕ್ಕರೆ ಸಂಗೀತವೋ ಭಾಷಣವೋ ಆಗುತ್ತದೆ. ದನಿ ಕೆಟ್ಟವರ ಕೈಗೆ ಸಿಕ್ಕರೆ ಪ್ರಸಂಗಗಳಾಗುತ್ತವೆ. ನನಗೆ ಅವು ಎಷ್ಟು ನಿಯತ್ತಾಗಿ ಆಗತೊಡಗಿದವೆಂದರೆ, ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನ್ನ ಗಂಡ "ಇವತ್ತೇನಾಯ್ತು?" ಎಂದು ಕೇಳುವ ಅಭ್ಯಾಸ ಮಾಡಿಕೊಂಡರು.

ಮೊದಲು ಗಂಟಲಿನ ವಿಷಯ ಹೇಳಿಬಿಡುತ್ತೇನೆ. ನಾನು ತುಮಕೂರಿನವಳು, ರಸಾಯನಶಾಸ್ತ್ರ ಓದಿದವಳು. ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಬ್ಯಾಂಕು ಅವರನ್ನು ಎತ್ತಿ ಎಲ್ಲಿ ಇಡುತ್ತದೋ ಅಲ್ಲಿಗೆ ನಾನು ಇದ್ದ ಕೆಲಸ ಬಿಟ್ಟು ಹೋಗಿ ಹೊಸದು ಹುಡುಕಿಕೊಳ್ಳುವುದು ನಮ್ಮ ಸಂಸಾರದ ಕ್ರಮ. ಬಳ್ಳಾರಿಯಲ್ಲಿ ಒಂದು ಕೆಲಸ ಬಿಟ್ಟೆ, ರಾಯಚೂರಿನಲ್ಲಿ ಒಂದು ಬಿಟ್ಟೆ. ವಿಶಾಖಪಟ್ಟಣಕ್ಕೆ ವರ್ಗವಾಗಿ ಗಾಜುವಾಕದಲ್ಲಿ ಮನೆ ಮಾಡಿದ ಮೇಲೆ ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಸಿಕ್ಕಿತು. ಬಂದ ಎರಡನೇ ವರ್ಷಕ್ಕೇ ಸೀನಿಯರ್ ಸೆಕ್ಷನ್ ಕೊಟ್ಟರು. ಈ ಕೆಲಸವನ್ನು ಮಾತ್ರ ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆದರೆ ಆ ಕಾಲೇಜಿಗೆ ಮೈದಾನವಿಲ್ಲ, ಮರವಿಲ್ಲ. ರಸ್ತೆಗೆ ಅಂಟಿಕೊಂಡ ಐದು ಅಂತಸ್ತಿನ ಕಟ್ಟಡ. ಒಂದೊಂದು ಕೋಣೆಯಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳು, ಕಿಟಕಿಯ ಕೆಳಗೆ ಬಸ್ಸು, ಆಟೋ, ಉಕ್ಕಿನ ಕಾರ್ಖಾನೆಯ ಕಡೆ ಹೋಗುವ ಲಾರಿ. ಅದೆಲ್ಲದರ ಮೇಲೆ ದಿನವಿಡೀ ಕೂಗಿ ಕೂಗಿ ನನ್ನ ದನಿ ಕಾಯಿ ತುರಿಯುವ ಸದ್ದಿಗೆ ಬಂದು ನಿಂತಿತು. ಗಂಟಲಿನ ಡಾಕ್ಟರಮ್ಮ ಮೂಗಿನೊಳಗಿಂದ ಕ್ಯಾಮೆರಾ ಇಳಿಸಿ ನೋಡಿದರು.

"ಸ್ವರತಂತುಗಳ ಮೇಲೆ ಗಂಟು ಬೆಳೆದಿದೆ. ಕೂಗೋದು ಪೂರ್ತಿ ಬಂದ್."

"ಪಾಠ ಬಿಡೋಕಾಗಲ್ಲ ಡಾಕ್ಟರ್."

"ಹಾಗಾದರೆ ಮೈಕು ಹಾಕ್ಕೊಂಡು ಮೆಲ್ಲಗೆ ಮಾತಾಡಿ. ಕ್ಲಾಸಿನ ಹೊರಗೆ ಆದಷ್ಟೂ ಮೌನ. ಇಲ್ಲದಿದ್ದರೆ ಆಪರೇಷನ್ನು. ಅದಾದ ಮೇಲೆ ಈಗಿರೋ ಇಷ್ಟು ದನಿಯಾದರೂ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಒಳ್ಳೆಯವರೇ. "ಮೈಕು ಹಾಕ್ಕೊಳ್ಳಿ ಮೇಡಂ, ಬೇಡ ಅನ್ನಲ್ಲ. ಆದರೆ ವಿಜಯವಾಡ ಕೇಳೋದು ಒಂದೇ ಪ್ರಶ್ನೆ: ಲಾಸ್ಟ್ ಬೆಂಚಿಗೆ ಕೇಳಿಸುತ್ತಾ? ಕೇಳಿಸದಿದ್ದರೆ ದಸರಾ ರಜೆ ಆದ ಮೇಲೆ ನಿಮ್ಮ ಕಾಂಟ್ರಾಕ್ಟು ಇರಲ್ಲ."

ವಿಜಯವಾಡದಲ್ಲಿ ನಮ್ಮ ಹೆಡ್ಡಾಫೀಸು. ನಮ್ಮ ಕಾಲೇಜಿನಲ್ಲಿ ಅದು ಊರಿನ ಹೆಸರಲ್ಲ, ಮೇಲೆ ಕೂತು ಎಲ್ಲವನ್ನೂ ನೋಡುತ್ತಿರುವವರ ಹೆಸರು.

ಹೀಗೆ ಒಂದು ಕಡೆ ದನಿ, ಇನ್ನೊಂದು ಕಡೆ ಕೆಲಸ. ನಡುವೆ ಒಂದು ವೈರ್‌ಲೆಸ್ ಮೈಕು.

೧. ಬೆಲ್ಟು ಕಟ್ಟದವರ ಕಷ್ಟ

ಮೈಕಿನ ಸೆಟ್ಟು ಬಂತು. ಕೊರಳ ಹತ್ತಿರ ಸಿಕ್ಕಿಸಿಕೊಳ್ಳುವ ಕಡಲೆಕಾಳಿನಷ್ಟು ಮೈಕು. ಅದರಿಂದ ಇಳಿದ ಸಣ್ಣ ತಂತಿಯ ತುದಿಗೆ ಸೋಪಿನ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಮಾತನ್ನು ಗಾಳಿಯಲ್ಲಿ ಕಳಿಸುವುದು ಆ ಪೆಟ್ಟಿಗೆ. ಕೋಣೆಯಲ್ಲಿರುವ ಇನ್ನೊಂದು ಪೆಟ್ಟಿಗೆ ಅದನ್ನು ಹಿಡಿದು ಸ್ಪೀಕರಿಗೆ ಕೊಡುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಚಿತ್ರವಿತ್ತು. ಒಬ್ಬ ಗಂಡಸು ಪೆಟ್ಟಿಗೆಯನ್ನು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿ ನಗುತ್ತ ನಿಂತಿದ್ದ. ಸೀರೆ ಉಟ್ಟವರು ಎಲ್ಲಿ ಸಿಕ್ಕಿಸಬೇಕು ಎಂಬ ಬಗ್ಗೆ ಪುಸ್ತಕ ಮೊದಲಿನಿಂದ ಕೊನೆಯವರೆಗೂ ಮೌನ.

ಸೆರಗಿಗೆ ಸಿಕ್ಕಿಸಿ ನೋಡಿದೆ, ಸೆರಗೇ ಜಾರಿತು. ಕೊನೆಗೆ ಲಂಗದ ಲಾಡಿಗೆ ಬಿಗಿಯಾಗಿ ಸಿಕ್ಕಿಸಿ ಮೇಲೆ ಸೀರೆ ಉಟ್ಟು ಕ್ಲಾಸಿಗೆ ಹೋದೆ.

ಮೊದಲ ಹತ್ತು ನಿಮಿಷ ಸ್ವರ್ಗ. ಮೆಲ್ಲಗೆ ಮಾತಾಡುತ್ತಿದ್ದೇನೆ, ಕೋಣೆಯೆಲ್ಲ ಕೇಳಿಸುತ್ತಿದೆ. ಆಮೇಲೆ ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದೆ. ಸೊಂಟದಲ್ಲಿ ಏನೋ ಸಡಿಲವಾಯಿತು. ಪೆಟ್ಟಿಗೆಯ ಭಾರಕ್ಕೆ ಲಾಡಿ ಒಂದಿಷ್ಟು ಇಳಿಯಿತು, ಲಾಡಿಯ ಜೊತೆ ನೆರಿಗೆ ಇಳಿಯಿತು. ಬೆನ್ನ ಹಿಂದೆ ನೂರು ಜನ ಹದಿನೇಳರ ಮಕ್ಕಳು.

ಎಡಗೈಯ ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದೆ. ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸುವ ಧೈರ್ಯ ಬರಲಿಲ್ಲ. ಉಳಿದ ಪಿರಿಯಡ್ಡನ್ನೆಲ್ಲ ರೆಕ್ಕೆ ಮುರಿದ ಕೋಳಿಯ ಹಾಗೆ ನಿಂತು ಮುಗಿಸಿದೆ. ಡಸ್ಟರು ಕೆಳಗೆ ಬಿತ್ತು, ಬಗ್ಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎತ್ತಿ ಕೊಟ್ಟಳು. ಬೆಲ್ಲು ಹೊಡೆದಾಗ ಮಕ್ಕಳೆಲ್ಲ ಹೋಗುವವರೆಗೂ ಗೋಡೆಗೆ ಒರಗಿ, ಏನೋ ಘನವಾದ ಯೋಚನೆಯಲ್ಲಿರುವವಳ ಹಾಗೆ ನಿಂತಿದ್ದೆ.

ಸಂಜೆ ನಮ್ಮ ಬೀದಿಯ ಟೈಲರನ ಹತ್ತಿರ ಹೋದೆ. "ಲಂಗಕ್ಕೆ ಒಳಗಿನಿಂದ ಒಂದು ಗಟ್ಟಿ ಜೇಬು ಹೊಲಿದು ಕೊಡಿ" ಎಂದೆ.

"ಫೋನಿಗಾ ಅಮ್ಮಾ?"

"ಅಲ್ಲ, ಮೈಕಿಗೆ."

ಟೈಲರು ಹೊಲಿಗೆ ಮಿಷನ್ನು ನಿಲ್ಲಿಸಿದರು. ಎದ್ದು ನಿಂತರು. ನನಗೆ ಸ್ಟೂಲು ಎಳೆದು ಹಾಕಿದರು. ಆಮೇಲೆ ದನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದರು: "ಯಾವ ಪಾರ್ಟಿ ಅಂತ ಹೇಳಿಬಿಡಿ ಅಮ್ಮಾ. ಅದೇ ಬಣ್ಣದ ಬಟ್ಟೇಲಿ ಜೇಬು ಹಾಕ್ತೀನಿ."

೨. ಫೋಟೋ ಅಲ್ಲೇ ಇರಲಿ

ಸೊಂಟ ಸರಿಯಾಯಿತು. ಈಗ ಸ್ಪೀಕರಿನ ಸರದಿ.

ಮೈಕು ಹಾಕಿಕೊಂಡವರು ಸ್ಪೀಕರಿನ ಎದುರು ನಿಲ್ಲಬಾರದು. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮೈಕಿನ ಸದ್ದು ಮತ್ತೆ ಸ್ಪೀಕರಿಗೆ ಹೋಗಿ, ಅದು ಸುತ್ತಿ ಸುತ್ತಿ ಕಿವಿ ಸೀಳುವ ಕೂಗಾಗುತ್ತದೆ. ಇದನ್ನು ಪುಸ್ತಕ ಸ್ಪಷ್ಟವಾಗಿಯೇ ಹೇಳಿತ್ತು. ಆದರೆ ನಮ್ಮ ಕೋಣೆಯಲ್ಲಿ ಸ್ಪೀಕರು ಹಾಕಿದವರು ಪುಸ್ತಕ ನೋಡಿರಲಿಲ್ಲ, ಗೋಡೆ ನೋಡಿದ್ದರು. ಬೋರ್ಡಿನ ಮೇಲೆ ಚೇರ್ಮನ್ನರ ದೊಡ್ಡ ಫೋಟೋ ಇತ್ತು. ಫೋಟೋಗೆ ಲೈಟು ಹಾಕಲೆಂದು ಅಲ್ಲೊಂದು ಕರೆಂಟಿನ ಪಾಯಿಂಟು ಇತ್ತು. ಪಾಯಿಂಟು ಇದ್ದಲ್ಲಿ ಸ್ಪೀಕರು ಕೂತಿತ್ತು.

ಹೀಗಾಗಿ ನಾನು ಬೋರ್ಡಿನ ಹತ್ತಿರ ಹೋದಾಗಲೆಲ್ಲ ಚೇರ್ಮನ್ನರ ಫೋಟೋದ ಮಗ್ಗುಲಿನಿಂದ ಭೀಕರ ಕೂಗು. ಮಕ್ಕಳು ಎರಡು ಕಿವಿಯೂ ಮುಚ್ಚಿಕೊಳ್ಳುತ್ತಿದ್ದರು. ಬೋರ್ಡಿನಿಂದ ದೂರ ಬಂದರೆ ಕೂಗು ನಿಲ್ಲುತ್ತದೆ, ಆದರೆ ಬರೆಯಲು ಆಗುವುದಿಲ್ಲ. ಸಮೀಕರಣ ಬರೆಯದೆ ಕೆಮಿಸ್ಟ್ರಿ ಪಾಠ ಹೇಗೆ ಮಾಡುವುದು? ಮೈಕು ಆರಿಸಿ, ಬರೆದು, ಓಡಿ ಬಂದು, ಮೈಕು ಹಾಕಿ ಹೇಳುವುದು. ಹೀಗೆ ಒಂದು ವಾರ ಓಡಾಡಿದ್ದಕ್ಕೆ ಗಂಟಲಿನ ಜೊತೆ ಮಂಡಿಯೂ ಹಿಡಿಯಿತು. ಅಷ್ಟರಲ್ಲಿ ಕಿವಿನೋವೆಂದು ಇಬ್ಬರು ಮಕ್ಕಳ ಮನೆಯಿಂದ ದೂರು ಬಂತು. ದೂರು ಎಂದರೆ ಅದು ವಿಜಯವಾಡಕ್ಕೆ ಹೋಗುತ್ತದೆ. ನನಗೆ ಊಟ ಸೇರದಾಯಿತು.

ಪ್ರಿನ್ಸಿಪಾಲರ ಹತ್ತಿರ ಹೋದೆ. "ಸಾರ್, ಸ್ಪೀಕರನ್ನು ಅಲ್ಲಿಂದ ತೆಗೆಸಿ."

ಅವರು ಬಂದು ಗೋಡೆ ನೋಡಿದರು. "ಸ್ಪೀಕರಿನ ಕಬ್ಬಿಣದ ಪಟ್ಟಿ ಫೋಟೋ ಫ್ರೇಮಿನ ಹಿಂದೆ ಹೋಗಿದೆ ಮೇಡಂ. ತೆಗೀಬೇಕಾದರೆ ಫೋಟೋ ಇಳಿಸಬೇಕು."

"ಇಳಿಸೋಣ."

ಅವರು ಸುತ್ತ ನೋಡಿದರು. "ಫೋಟೋ ಮುಟ್ಟೋದಕ್ಕೆ ವಿಜಯವಾಡದ ಪರ್ಮಿಷನ್ ಬೇಕು."

"ತರಿಸಿಕೊಳ್ಳಿ ಸಾರ್."

"ಯಾಕೆ ಇಳಿಸ್ತೀರಿ ಅಂತ ಕೇಳಿದರೆ ಏನು ಬರೀಲಿ? ಚೇರ್ಮನ್ನರ ಪಕ್ಕ ನಿಂತರೆ ಮೇಡಂಗೆ ಕೂಗು ಬರುತ್ತೆ ಅಂತಲಾ?"

ಎರಡು ದಿನ ಯೋಚಿಸಿದರು. ಮೂರನೆಯ ದಿನ ನಾನು ಕೋಣೆಗೆ ಹೋಗುವಾಗ ಒಳಗಿಂದ ದಡಬಡ ಸದ್ದು. ಪ್ರಿನ್ಸಿಪಾಲರು ಸಮಸ್ಯೆ ಬಿಡಿಸಿದ್ದರು. ಫೋಟೋ ಅಲ್ಲೇ ಇತ್ತು, ಸ್ಪೀಕರು ಅಲ್ಲೇ ಇತ್ತು. ಬೋರ್ಡನ್ನು ಕಿತ್ತು ಎದುರುಗೋಡೆಗೆ ಹೊಡೆಸಿ, ಬೆಂಚುಗಳನ್ನೆಲ್ಲ ಹಿಂದೆ ಮುಂದೆ ತಿರುಗಿಸಿ ಹಾಕಿಸಿದ್ದರು!

ಸ್ಪೀಕರು ನನ್ನಿಂದ ಕೋಣೆಯಷ್ಟು ದೂರ ಹೋಯಿತು, ಕೂಗು ನಿಂತಿತು. ಆದರೆ ವರ್ಷವೆಲ್ಲ ಹಿಂದೆ ಕೂತು ನಿದ್ದೆ ಮಾಡುತ್ತಿದ್ದ ಹುಡುಗರು ಒಂದೇ ಬೆಳಗ್ಗೆ ನನ್ನ ಮೂಗಿನ ಕೆಳಗೆ ಬಂದು ಕೂತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ, ರೈಲು ತಪ್ಪಿಸಿಕೊಂಡವರ ಹಾಗಿತ್ತು. ಇನ್ನು ಮೊದಲ ಬೆಂಚಿನಲ್ಲಿದ್ದ ಬುದ್ಧಿವಂತರು ಕೊನೆಗೆ ಹೋದರು. ಮಧ್ಯಾಹ್ನವೇ ಒಬ್ಬ ತಂದೆ ಏದುಸಿರು ಬಿಡುತ್ತ ಬಂದರು.

"ನಮ್ಮ ಹುಡುಗ ಎರಡು ವರ್ಷದಿಂದ ಫಸ್ಟ್ ಬೆಂಚು ಮೇಡಂ! ಒಂದು ಮಾರ್ಕೂ ಕಳಕೊಂಡಿಲ್ಲ. ಯಾವ ತಪ್ಪಿಗೆ ಅವನನ್ನು ಲಾಸ್ಟ್ ಬೆಂಚಿಗೆ ಹಾಕಿದಿರಿ?"

ಪ್ರಿನ್ಸಿಪಾಲರು ಶಾಂತವಾಗಿ ಹೇಳಿದರು: "ನಿಮ್ಮ ಹುಡುಗ ಕೂತಲ್ಲೇ ಕೂತಿದ್ದಾನೆ ಸಾರ್. ಕಾಲೇಜು ತಿರುಗಿದೆ."

೩. ವಿಜಯವಾಡದ ಆಟೋ

ಮಕ್ಕಳ ಕಿವಿನೋವಿನ ದೂರು ಹೋಗಿ ಮುಟ್ಟಿತ್ತು. ಅಕಾಡೆಮಿಕ್ ಡೀನ್ ಕರೆಸಿದರು. ಯಾರ ಕಾಂಟ್ರಾಕ್ಟು ಉಳಿಯಬೇಕು, ಯಾರದು ಬೇಡ ಎಂದು ನಿರ್ಧರಿಸುವವರು ಇವರೇ. ಕೈಕಾಲು ಹಿಡಿದಾದರೂ ಒಂದಿಷ್ಟು ಸಮಯ ಕೇಳಿಕೊಳ್ಳೋಣವೆಂದು ಬೆಳಗಿನ ರೈಲು ಹತ್ತಿದೆ.

ಡಾಕ್ಟರಮ್ಮನ ಮಾತಿನಂತೆ ದಾರಿಯುದ್ದಕ್ಕೂ ಮೌನ. ಡೀನ್ ಎದುರು ಇರುವಷ್ಟು ದನಿಯನ್ನು ಹಾಗೇ ಕೊಂಡೊಯ್ಯಬೇಕಿತ್ತು. ಆದರೆ ವಿಜಯವಾಡದ ಸ್ಟೇಷನ್ನಿನ ಹೊರಗೆ ಮೌನದಿಂದ ಆಟೋ ಸಿಗುವುದಿಲ್ಲ. ಆ ಬಿಸಿಲು, ಆ ಹಾರನ್ನು, ಆ ಜನ. ಹೆಡ್ಡಾಫೀಸು ಇರುವ ಜಾಗದ ಹೆಸರನ್ನು, "ಬೆಂಜ್ ಸರ್ಕಲ್" ಎಂದು, ಎರಡು ಸಲ ಹೇಳಿದೆ. ನನಗೇ ಕೇಳಿಸಲಿಲ್ಲ. ಗಡಿಯಾರ ನೋಡಿದೆ. ಹೊತ್ತು ಮೀರುತ್ತಿತ್ತು. ಮೂರನೇ ಸಲ ಕೂಗಿದರೆ ಗಂಟಲು ಅಲ್ಲೇ ಮುಗಿಯುತ್ತದೆ.

ಮೈಕಿನ ಸೆಟ್ಟು ಚೀಲದಲ್ಲೇ ಇತ್ತು, ಡೀನ್‌ಗೆ ತೋರಿಸಲೆಂದು ತಂದಿದ್ದೆ. ಅದರ ಜೊತೆ ಭುಜಕ್ಕೆ ನೇತುಹಾಕುವ ಸಣ್ಣ ಸ್ಪೀಕರೂ ಬಂದಿತ್ತು. ಕಂಬದ ಮರೆಗೆ ಹೋಗಿ ಎಲ್ಲ ಜೋಡಿಸಿಕೊಂಡು ಬಂದು, ಕೊರಳ ಮೈಕಿನ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದೆ: "ಬೆಂಜ್ ಸರ್ಕಲ್‌ಗೆ ಬರ್ತೀರಾ ಅಣ್ಣಾ?"

ಸ್ಪೀಕರಿನ ಗುಂಡಿ ಪೂರ್ತಿ ತಿರುಗಿತ್ತು ಎಂಬುದು ಆಮೇಲೆ ತಿಳಿಯಿತು. ನನ್ನ ಮಾತು ಸ್ಟೇಷನ್ನಿನ ಮುಂಭಾಗದಲ್ಲೆಲ್ಲ ಮೊಳಗಿತು. ಹಣ್ಣಿನ ಗಾಡಿಯವರು ತಿರುಗಿದರು. ಪೊಲೀಸಿನವರು ತಿರುಗಿದರು. ಆಟೋದವರು ಸೀಟಿನಿಂದ ಎದ್ದೇ ಬಿಟ್ಟರು. ನಾನು ಗಾಬರಿಯಿಂದ ಹತ್ತಿ ಕೂತೆ. ಕೂತು ಉಸಿರು ಬಿಡುವಷ್ಟರಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಬಂದು ಕೂತರು. ಅವರ ಪಕ್ಕ ಮಗು ಎತ್ತಿಕೊಂಡ ಹೆಂಗಸು. ಮುಂದೆ ಡ್ರೈವರ ಎರಡೂ ಕಡೆ ಇಬ್ಬರು ಗಂಡಸರು.

"ಇದು ನನ್ನ ಆಟೋ" ಎಂದೆ. ಅದೂ ಮೊಳಗಿತು.

"ಗೊತ್ತಮ್ಮಾ" ಎಂದರು ಅಜ್ಜಿ. "ನೀನು ಕರೆದೆಯಲ್ಲ, ಅದಕ್ಕೇ ಬಂದ್ವಿ. ಇನ್ನೂ ಜಾಗ ಇದೆ, ಇನ್ನೊಂದು ಸಲ ಕೂಗು."

ಆಟೋ ಹೊರಟಿತು. ಅಜ್ಜಿ ಒಂದು ಕಡೆ ಇಳಿದರು, ಮಗು ಎತ್ತಿಕೊಂಡವರು ಇನ್ನೊಂದು ಕಡೆ, ಗಂಡಸರು ಮತ್ತೊಂದು ಕಡೆ. ಒಂದೊಂದು ನಿಲುಗಡೆಗೂ ನನ್ನ ಕಾಂಟ್ರಾಕ್ಟು ಒಂದೊಂದು ಗೇಣು ಜಾರುತ್ತಿರುವ ಹಾಗೆ ಅನಿಸುತ್ತಿತ್ತು. ನಾನು ಇಳಿಯುವಾಗ ಡ್ರೈವರು ಕೈ ಮುಗಿದರು. "ದಿನಾ ಇದೇ ಹೊತ್ತಿಗೆ ಬನ್ನಿ ಮೇಡಂ, ನಿಮಗೆ ಸೀಟು ಫ್ರೀ."

ಡೀನ್ ನನ್ನನ್ನು ಕೂರಿಸದೆಯೇ ಶುರು ಮಾಡಿದರು. "ಲೇಟು. ಅದೂ ಇರಲಿ. ನಿಮ್ಮ ದನಿ ಲಾಸ್ಟ್ ಬೆಂಚಿಗೆ ಕೇಳಿಸಲ್ಲ ಅಂತ ನನಗೆ ಅನುಮಾನ."

"ಕೇಳಿಸುತ್ತೆ ಸಾರ್. ಬೇಕಾದರೆ ಸ್ಟೇಷನ್ನಿನ ಹತ್ತಿರ ಯಾರನ್ನಾದರೂ ವಿಚಾರಿಸಿ."

ಅವರು ನಗಲಿಲ್ಲ. ಪೆನ್ನು ಮುಚ್ಚಿದರು. "ಬರೋ ವಾರ ನಾನೇ ವೈಜಾಗಿಗೆ ಬರ್ತೀನಿ. ಲಾಸ್ಟ್ ಬೆಂಚಲ್ಲಿ ನಾನೇ ಕೂರ್ತೀನಿ. ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಮಾತು: ನನಗೆ ಎಡಗಿವಿ ಸ್ವಲ್ಪ ಮಂದ."

೪. ಅಡುಗೆಮನೆಯಿಂದ ಪ್ರಸಾರ

ಡೀನ್ ಬರುವವರೆಗೆ ಗಂಟಲನ್ನು ಕಾಪಾಡಿಕೊಳ್ಳಬೇಕಿತ್ತು. ಮನೆಯಲ್ಲಿ ಪೂರ್ತಿ ಮೌನ ಎಂದು ಘೋಷಿಸಿದೆ. ಒಂಬತ್ತನೇ ಕ್ಲಾಸಿನ ಮಗಳು ಈಗ ಕನ್ನಡವನ್ನು ಅಜ್ಜಿಯ ಫೋನಿಗೆ ಮಾತ್ರ ಇಟ್ಟುಕೊಂಡಿದ್ದಾಳೆ. ಅವಳು ತೆಲುಗಿನಲ್ಲಿ ಸಂತೋಷ ವ್ಯಕ್ತಪಡಿಸಿದಳು. ಗಂಡ ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ. ಆದರೆ ಆ ಸಂಜೆ ಬಹಳ ಉಲ್ಲಾಸದಲ್ಲಿದ್ದರು.

ಮೌನದಿಂದ ಸಂಸಾರ ನಡೆಯುವುದಿಲ್ಲ ಎಂದು ಮಾರನೆಯ ದಿನವೇ ತಿಳಿಯಿತು. ಅಡುಗೆಮನೆಯಿಂದ ಚಪ್ಪಾಳೆ ತಟ್ಟಿದರೆ ಇವರು ಸೊಳ್ಳೆ ಎಂದುಕೊಂಡರು. ಆಗ ಹಾಲಿನಲ್ಲಿ ಇವರ ಕುರ್ಚಿಯ ಪಕ್ಕ ಸ್ಪೀಕರು ಇಟ್ಟೆ, ನಾನು ಒಲೆಯ ಮುಂದೆ ಮೈಕು ಹಾಕಿಕೊಂಡೆ. ಮೆಲ್ಲಗೆ, ಡಾಕ್ಟರಮ್ಮ ಮೆಚ್ಚುವ ಹಾಗೆ: "ಗ್ಯಾಸು ಮುಗಿದಿದೆ." "ನೀರಿನ ಮೋಟರು ಆರಿಸಿ." "ಕೊತ್ತಂಬರಿ ತನ್ನಿ ಅಂತ ಹೇಳಿ ಒಂದು ಗಂಟೆಯಾಯಿತು."

ಮದುವೆಯಾದಂದಿನಿಂದ ಇವರ ಒಂದೇ ಆಯುಧ "ಕೇಳಿಸಲಿಲ್ಲ" ಎಂಬ ಮಾತು. ಅದು ಹೋಯಿತು. ಮೂರು ದಿನ ಇವರು ಎಷ್ಟು ಕೆಲಸ ಮಾಡಿದರೆಂದರೆ ಎದುರುಮನೆಯವರು ನೆಂಟರು ಬರುತ್ತಾರೇನೋ ಎಂದು ಕೇಳಿದರು.

ನಾಲ್ಕನೆಯ ದಿನ ಬೆಳಗ್ಗೆ ಮೊದಲ ಪಿರಿಯಡ್ಡು. ಮಾರನೆಯ ದಿನ ಡೀನ್ ಬರುವವರಿದ್ದರು. ಕ್ಲಾಸಿನಲ್ಲಿ ನಿಂತು ಪೆಟ್ಟಿಗೆಯ ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಮುಚ್ಚಳ ತೆಗೆದು ನೋಡಿದರೆ ಒಳಗೆ ಬ್ಯಾಟರಿಯೇ ಇರಲಿಲ್ಲ! ಹೊರಗೆ ಲಾರಿ ಹಾರನ್ನು, ಒಳಗೆ ನೂರು ಜನ, ಟೈಮ್‌ಟೇಬಲಿನಲ್ಲಿ ಸತತ ಎರಡು ಪಿರಿಯಡ್ಡು. ಕಂಠದಿಂದಲೇ ಪಾಠ ಮಾಡಿದೆ. ಎರಡನೆಯದು ಮುಗಿಯುವ ಹೊತ್ತಿಗೆ ಗಂಟಲಿನೊಳಗೆ ಯಾರೋ ಮರಳು ಸುರಿದ ಹಾಗಾಗಿತ್ತು. ಸಂಜೆ ನೀರು ನುಂಗಲೂ ನೋವು.

ಮನೆಗೆ ಬಂದು, ದನಿ ಇಲ್ಲದ್ದರಿಂದ, ಬರಿದಾದ ಪೆಟ್ಟಿಗೆಯನ್ನು ಇವರ ಮುಂದೆ ಹಿಡಿದು ಹುಬ್ಬು ಏರಿಸಿದೆ.

ಇವರು ಮೈಕಿನ ಪುಸ್ತಕ ತಂದರು, ಗುರುತು ಹಾಕಿಟ್ಟ ಪುಟ ತೆಗೆದು ತೋರಿಸಿದರು. "ಬಳಸದೇ ಇದ್ದಾಗ ಬ್ಯಾಟರಿ ತೆಗೆದಿಡಬೇಕು ಅಂತ ಇಲ್ಲೇ ಬರೆದಿದೆ ನೋಡು. ಬ್ಯಾಟರಿ ಸೋರಿ ಪೆಟ್ಟಿಗೆ ಹಾಳಾಗುತ್ತಂತೆ. ನಿನ್ನ ಸೇಫ್ಟಿಗೇ ಮಾಡಿದ್ದು."

ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್ನು, ಎಲ್ಲದರ ಜೊತೆಗೂ ಪುಸ್ತಕ ಬಂದಿತ್ತು. ಈ ಮನುಷ್ಯ ಬಾಳಿನಲ್ಲಿ ತೆರೆದು ಓದಿದ್ದು ಇದೊಂದನ್ನೇ, ಅದರಲ್ಲೂ ಆ ಒಂದೇ ಸಾಲು.

೫. ಕೊನೆಯ ಬೆಂಚಿನಲ್ಲಿ ಡೀನ್

ಡೀನ್ ಬರುವ ದಿನ ಬೆಳಗ್ಗೆ ಬಿಸಿನೀರು, ಉಪ್ಪು, ಜ್ಯೇಷ್ಠಮಧು, ಶುಂಠಿ, ಯಾವುದಕ್ಕೂ ಗಂಟಲು ಜಗ್ಗಲಿಲ್ಲ. "ಮ್" ಎಂದರೆ ಬರುತ್ತಿತ್ತು, ಅದಕ್ಕಿಂತ ಉದ್ದದ್ದು ಯಾವುದೂ ಖಾತ್ರಿ ಇರಲಿಲ್ಲ. ಹೊಸ ಬ್ಯಾಟರಿ ಹಾಕಿಕೊಂಡೆ. ಇನ್ನೊಂದು ಜೊತೆ ಪರ್ಸಿನಲ್ಲಿ ಇಟ್ಟುಕೊಂಡೆ.

ಕಾಲೇಜಿಗೆ ಹೋದರೆ ಇನ್ನೊಂದು ಸುದ್ದಿ. ಡೀನ್ ಎದುರು ಕಾಲೇಜು ಚೆನ್ನಾಗಿ ಕಾಣಲೆಂದು ಪ್ರಿನ್ಸಿಪಾಲರು ನನ್ನ ಕೋಣೆಯ ಮೇಲಿನ ಮಹಡಿಯ ಕೆಮಿಸ್ಟ್ರಿ ಸಾರ್‌ಗೂ ನನ್ನದೇ ಥರದ ಮೈಕು ತರಿಸಿ ಕೊಟ್ಟಿದ್ದರು. ಆ ಸಾರ್ ಶ್ರೀಕಾಕುಳಂ ಕಡೆಯವರು, ಬಾವಿಯೊಳಗಿಂದ ಬಂದಂಥ ಗಡಸು ದನಿ. ಅವರಿಗೆ ಮೈಕು ಬೇಕೇ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಜೆ. ಊರಿನಲ್ಲಿ ಹೊಸ ಮನೆ ಕಟ್ಟಿದ್ದರು, ಗೃಹಪ್ರವೇಶಕ್ಕೆ ರಜೆ ಕೇಳಿ ಕೇಳಿ ಸೋತಿದ್ದರು. ಪರೀಕ್ಷೆ ಹತ್ತಿರ ಬಂತು, ಒಂದು ದಿನವೂ ಆಗಲ್ಲ ಎಂದಿದ್ದರು ಪ್ರಿನ್ಸಿಪಾಲರು.

ನಾನು ಪ್ರಿನ್ಸಿಪಾಲರನ್ನು ಹಿಡಿದು, ಉಳಿದ ದನಿಯಲ್ಲಿ ಸ್ವಲ್ಪ ಖರ್ಚು ಮಾಡಿದೆ. "ಸಾರ್, ಎರಡೂ ಸೆಟ್ಟು ಒಂದೇ ಚಾನೆಲ್ಲಿನಲ್ಲಿ ಇರಬಾರದು. ಒಂದರ ಮಾತು ಇನ್ನೊಂದಕ್ಕೆ ನುಗ್ಗುತ್ತೆ. ಅವರದ್ದು ಬದಲಾಯಿಸಿ."

"ನಮ್ಮಲ್ಲಿ ಎಲ್ಲ ಸೆಕ್ಷನ್ನಿಗೂ ಎಲ್ಲ ಒಂದೇ ಮೇಡಂ. ಒಬ್ಬರಿಗೆ ಒಂದು ಚಾನೆಲ್ಲು, ಇನ್ನೊಬ್ಬರಿಗೆ ಇನ್ನೊಂದು ಕೊಟ್ಟರೆ ಪೇರೆಂಟ್ಸು ಸುಮ್ಮನಿರ್ತಾರಾ?"

ಎಲ್ಲ ಒಂದೇ ಎಂದದ್ದು ಬರೀ ಮಾತಿಗಲ್ಲ. ನಮ್ಮಲ್ಲಿ ಯಾವ ದಿನ, ಯಾವ ಪಿರಿಯಡ್ಡಿನಲ್ಲಿ, ಯಾವ ಪುಟ, ಯಾವ ಉದಾಹರಣೆ ಎಂಬುದನ್ನೆಲ್ಲ ವಿಜಯವಾಡವೇ ಬರೆದು ಕಳಿಸುತ್ತದೆ. ನಾನು ಇಲ್ಲಿ ಅಮೋನಿಯಾ ಬಗ್ಗೆ ಹೇಳುವಾಗ ಮೇಲಿನ ಮಹಡಿಯಲ್ಲೂ ಅಮೋನಿಯಾ, ಊರಾಚೆಯ ಇನ್ನೊಂದು ಬ್ರಾಂಚಿನಲ್ಲೂ ಅಮೋನಿಯಾ. ಮೇಷ್ಟ್ರು ಬದಲಾದರೂ ವಾಕ್ಯ ಬದಲಾಗುವುದಿಲ್ಲ.

ಡೀನ್ ಬಂದರು. ಹೇಳಿದ ಹಾಗೆ ಕೊನೆಯ ಬೆಂಚಿನಲ್ಲಿ ಕೂತರು. ಮಡಿಲಲ್ಲಿ ಕಾಗದ, ಕಾಗದದ ಮೇಲೆ ಫೋನು, ಫೋನಿನ ಮೇಲೆ ಕಣ್ಣು. ಪ್ರಿನ್ಸಿಪಾಲರು ಮೇಲಿನ ಮಹಡಿಯ ಕ್ಲಾಸು ನೋಡಲು ಹೋದರು.

ಶುರು ಮಾಡಿದೆ. ದನಿ ಹರಿದ ಬಟ್ಟೆಯ ಹಾಗೆ ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದೊಂದು ವಾಕ್ಯ ಮುಗಿಸಿದಾಗಲೂ ನದಿ ದಾಟಿದ ಹಾಗೆ. ಅರ್ಧ ಪಿರಿಯಡ್ಡು ಹೇಗೋ ಕಳೆಯಿತು. ನೈಟ್ರೋಜನ್, ಹೈಡ್ರೋಜನ್ ಸೇರಿ ಅಮೋನಿಯಾ ಆಗುವ ಸಮತೋಲನಕ್ಕೆ ಬಂದೆ. "ಈ ವ್ಯವಸ್ಥೆಯ ಮೇಲೆ ಒತ್ತಡ ಹೆಚ್ಚಾದರೆ..." ಎಂದೆ. ಅಷ್ಟರಲ್ಲಿ ಕೆಮ್ಮು ಬಂತು. ಎಂಥ ಕೆಮ್ಮು! ಮೈಕಿನಲ್ಲೇ ನಾಲ್ಕೈದು ಸಲ ಕೆಮ್ಮಿದೆ. ಮಕ್ಕಳ ಕಿವಿಗೆ ಹೊಡೆಯಬಾರದೆಂದು ಪಕ್ಕಕ್ಕೆ ತಿರುಗಿ ಸೊಂಟದ ಗುಂಡಿ ಆರಿಸಿದೆ. ಆರಿಸಿಕೊಂಡು ಕೆಮ್ಮಿ ಮುಗಿಸಿ ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ. ಗಾಳಿ ಮಾತ್ರ. ಮುಗಿಯಿತು ಎಂದುಕೊಂಡೆ. ಬಳ್ಳಾರಿ, ರಾಯಚೂರು, ಈಗ ವೈಜಾಗು.

ಆಗ ಸ್ಪೀಕರು ಮಾತಾಡಿತು.

"ಒತ್ತಡ ಹೆಚ್ಚಾದರೆ ಸಮತೋಲನ ಮುಂದಕ್ಕೆ ಸರಿಯುತ್ತದೆ, ಅಮೋನಿಯಾ ಹೆಚ್ಚು ತಯಾರಾಗುತ್ತದೆ. ಬರ್ಕೊಳ್ಳಿ!"

ಬಾವಿಯೊಳಗಿಂದ ಬಂದಂಥ ಗಡಸು ಗಂಡು ದನಿ. ಹತ್ತಿರದ ನನ್ನ ಪೆಟ್ಟಿಗೆ ಆರಿದ್ದರಿಂದ ಸ್ಪೀಕರು ಮೇಲಿನ ಮಹಡಿಯ ಪೆಟ್ಟಿಗೆಯನ್ನು ಹಿಡಿದುಕೊಂಡಿತ್ತು.

ಮಕ್ಕಳ ಕಡೆ ನೋಡಿದೆ. ನೂರು ತಲೆ ಬಗ್ಗಿದ್ದವು, ನೂರು ಪೆನ್ನು ಓಡುತ್ತಿದ್ದವು. ಒಬ್ಬರೂ ತಲೆ ಎತ್ತಲಿಲ್ಲ! ನನ್ನ ಮುಂದಿದ್ದ ಒಬ್ಬ ಹುಡುಗ ಮಾತ್ರ ನನ್ನ ಮುಖ ನೋಡಿದ, ತಿರುಗಿ ಸ್ಪೀಕರು ನೋಡಿದ, ಮತ್ತೆ ನನ್ನ ಮುಖ ನೋಡಿದ. ಆಮೇಲೆ ಪರೀಕ್ಷೆಗೆ ಇದೇನೂ ಬರುವುದಿಲ್ಲ ಎನ್ನುವ ಹಾಗೆ ಬರೆಯತೊಡಗಿದ. ಡೀನ್ ಫೋನಿನಲ್ಲೇ ಇದ್ದರು.

ಬೇರೆ ದಾರಿ ಇರಲಿಲ್ಲ. ಬೋರ್ಡಿನ ಕಡೆ ತಿರುಗಿ ಚಾಕ್ ಹಿಡಿದೆ. ಅವರು ಹೇಳಿದ್ದನ್ನು ನಾನು ಬರೆದೆ. ಅವರು ಸಮೀಕರಣ ಎಂದರೆ ನಾನು ಸಮೀಕರಣ, ಅವರು ಬಾಣದ ಗುರುತು ಎಂದರೆ ನಾನು ಬಾಣ. ಈಗ ಸಿಕ್ಕಿಬೀಳುತ್ತೇನೆ, ಈಗ, ಈಗ.

"ಅರ್ಥ ಆಯ್ತಾ?" ಎಂದು ಸ್ಪೀಕರು ಕೇಳಿತು.

"ಯೆಸ್ ಸಾರ್!" ಎಂದಿತು ನನ್ನ ಕ್ಲಾಸು, ಒಕ್ಕೊರಲಿನಿಂದ.

ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಮೆಲ್ಲಗೆ ತೆರೆದರೆ ಡೀನ್ ಇನ್ನೂ ಫೋನಿನಲ್ಲಿದ್ದರು. ಅಷ್ಟರಲ್ಲಿ ಸ್ಪೀಕರು ಗುಡುಗಿತು: "ಏಯ್, ಮೂರನೇ ಬೆಂಚು, ಕಿಟಕಿ ಪಕ್ಕದವನು! ಏನೋ ಮಾತು? ನಿಂತ್ಕೋ!"

ನನ್ನ ಕ್ಲಾಸಿನ ಮೂರನೇ ಬೆಂಚಿನಲ್ಲಿ, ಕಿಟಕಿ ಪಕ್ಕ, ತನ್ನಷ್ಟಕ್ಕೆ ಬರೆಯುತ್ತಿದ್ದ ಒಬ್ಬ ಬಡಪಾಯಿ ಎದ್ದು ನಿಂತ. "ಸಾರಿ ಸಾರ್" ಎಂದ. ಡೀನ್ ಈಗ ತಲೆ ಎತ್ತಿದರು. ನಿಂತ ಹುಡುಗನನ್ನು ನೋಡಿದರು. ಬೋರ್ಡಿಗೆ ಮುಖ ಮಾಡಿ ನಿಂತಿದ್ದ ನನ್ನ ಬೆನ್ನು ನೋಡಿದರು. ಮೆಚ್ಚುಗೆಯಿಂದ ತಲೆದೂಗಿ, ಏನೋ ಬರೆದುಕೊಂಡರು.

ಬೆಲ್ಲು ಹೊಡೆಯಿತು. ಡೀನ್ ನನ್ನ ಹತ್ತಿರ ಬಂದರು.

"ಗುಡ್. ಶಿಸ್ತು ಚೆನ್ನಾಗಿದೆ. ತಿರುಗಿ ನೋಡದೇನೆ ಹಿಂದೆ ಯಾರು ಮಾತಾಡ್ತಾರೆ ಅಂತ ಹಿಡಿದಿರಲ್ಲ! ದನಿ ಮೊದಲು ಸ್ವಲ್ಪ ಸಣ್ಣಗಿತ್ತು, ಆಮೇಲೆ ಲಾಸ್ಟ್ ಬೆಂಚಿಗೆ ಭರ್ಜರಿಯಾಗಿ ಬಂತು. ಒಂದೇ ಸಲಹೆ: ಮೈಕಿನಲ್ಲಿ ಬೇಸ್ ಸ್ವಲ್ಪ ಕಡಿಮೆ ಮಾಡಿಸಿ. ಗಂಡಸರ ದನಿ ಥರ ಕೇಳುತ್ತೆ."

ಇದ್ದದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಮಾತಾಡಬೇಡಿ ಮೇಡಂ, ಮಾತಾಡಬೇಡಿ. ಇನ್ನೂ ಒಂದು ವರ್ಷ ನೀವು ನಮ್ಮಲ್ಲಿ ಪಾಠ ಮಾಡಬೇಕು. ಗಂಟಲು ಉಳಿಸ್ಕೊಳ್ಳಿ."

ಸ್ಟಾಫ್ ರೂಮಿಗೆ ಹೋಗಿ ಕುರ್ಚಿಯಲ್ಲಿ ಕುಸಿದೆ. ಅಲ್ಲಿ ಮೇಲಿನ ಮಹಡಿಯ ಸಾರ್ ಚೀಲ ತುಂಬಿಕೊಳ್ಳುತ್ತಿದ್ದರು. ಮುಖದಲ್ಲಿ ಹಬ್ಬ. ನನ್ನನ್ನು ಕಂಡು ಎದ್ದು ಕೈ ಮುಗಿದರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಡಂ."

ನಾನು ಕೈಸನ್ನೆಯಲ್ಲಿ ಏನೆಂದು ಕೇಳಿದೆ.

"ಕ್ಲಾಸಿನ ನಡುವೆ ನೀರು ಕುಡಿಯೋಣ ಅಂತ ನಾನು ಮೈಕು ಆರಿಸಿದೆ. ಬಾಟಲಿ ಬಾಯಿಗೆ ಇಟ್ಟಿದ್ದೀನಿ, ನನ್ನ ಸ್ಪೀಕರಿನಿಂದ ನಿಮ್ಮ ದನಿ! 'ಒತ್ತಡ ಹೆಚ್ಚಾದರೆ' ಅಂತ ಕೀರಲು ಸದ್ದು, ಆಮೇಲೆ ಆ ಕೆಮ್ಮು. ಪ್ರಿನ್ಸಿಪಾಲರು ಕಿಟಕಿ ಕಡೆ ತಿರುಗಿ ಫೋನಲ್ಲಿದ್ದರು. ಬೆಚ್ಚಿಬಿದ್ದು ತಿರುಗಿದರು. ನೋಡಿದರೆ ನಾನು ನೀರು ಕುಡೀತಾ ಇದ್ದೀನಿ, ಕಣ್ಣಲ್ಲಿ ನೀರು. ಗಾಬರಿಗೆ ನೆತ್ತಿಗೆ ಹತ್ತಿತ್ತು. ಕ್ಲಾಸು ಮುಗಿದ ಮೇಲೆ ಹೊರಗೆ ಕರಕೊಂಡು ಹೋಗಿ ಭುಜ ಹಿಡ್ಕೊಂಡರು. 'ಹೆಂಗಸಿನ ದನಿ ಬರೋವಷ್ಟು ಗಂಟಲು ಕೆಟ್ಟಿದೆಯಲ್ಲ ಸಾರ್, ಮೊದಲೇ ಯಾಕೆ ಹೇಳಲಿಲ್ಲ? ಕೆಮಿಸ್ಟ್ರಿಯವರಿಗೆಲ್ಲ ಇದು ಅಂಟ್ತಾ ಇದೆ. ನಾಳೆಯಿಂದ ಒಂದು ವಾರ ಕಾಲೇಜಿನ ಕಡೆ ತಲೆ ಹಾಕಬೇಡಿ' ಅಂದ್ರು."

ನನಗೆ ನಗು ತಡೆಯಲಾಗಲಿಲ್ಲ. ನಗಲು ದನಿಯೂ ಇರಲಿಲ್ಲ. ಮೇಜು ಹಿಡಿದುಕೊಂಡು ಸದ್ದಿಲ್ಲದೆ ಅಲುಗಾಡಿದೆ. ಅವರು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು, ನಿಂತು, ಏನೋ ಲೆಕ್ಕ ಹಾಕಿ, ಬಹಳ ಬೇಸರದಿಂದ ತಿರುಗಿದರು.

"ಗೃಹಪ್ರವೇಶಕ್ಕೇನೋ ಸಾಕು ಮೇಡಂ. ನೀವು ಇನ್ನೆರಡು ಸಲ ಕೆಮ್ಮಿದ್ದರೆ ಮಗಳ ಮದುವೇನೂ ಮುಗಿಸ್ಕೊಂಡೇ ಬರ್ತಿದ್ದೆ."